ಕ್ಲಚ್ಚಕ್ಕನ ಹೊಸ ಕಾರು

ಊರಿನಲ್ಲಿ ಸ್ಟೀರಿಂಗ್ ಹಿಡಿದವರಲ್ಲಿ ಅರ್ಧಕ್ಕರ್ಧ ಜನ ಅವಳ ಕೈಯಲ್ಲೇ ಬೈಸಿಕೊಂಡು ಕಲಿತವರು. "ಕ್ಲಚ್ಚು ಮೆಲ್ಲಗೆ ಬಿಡಪ್ಪ, ಅದೇನು ಇಲಿನಾ, ತುಳಿದು ಸಾಯಿಸೋಕೆ?" ಎಂದು ದಿನವಿಡೀ ಹೇಳಿ ಹೇಳಿ ಅವಳಿಗೆ ಕ್ಲಚ್ಚಕ್ಕ ಎಂಬ ಹೆಸರೇ ನಿಂತುಬಿಟ್ಟಿತು. ಹತ್ತಿರದವರಲ್ಲಿ ಅವಳಿಂದ ಕಲಿಯದೆ ಉಳಿದವನು ಗಂಡ ಒಬ್ಬನೇ. ಅವನು ದರ್ಜಿ. ಹೊಲಿಗೆ ಮಿಷನ್ನಿನ ಪೆಡಲ್ ಬಿಟ್ಟು ಬೇರೆ ಯಾವುದನ್ನೂ ತುಳಿಯುವುದಿಲ್ಲವೆಂದು ಮದುವೆಯಾದ ಹೊಸತರಲ್ಲೇ ಹೇಳಿಬಿಟ್ಟಿದ್ದ.

ಡ್ರೈವಿಂಗ್ ಶಾಲೆಯ ಕೆಲಸ ಬಿಟ್ಟ ವರ್ಷ ಕ್ಲಚ್ಚಕ್ಕ ಒಂದು ಸ್ಪೋರ್ಟ್ಸ್ ಕಾರು ತಂದಳು. ಎರಡೇ ಸೀಟು, ಕಡುನೀಲಿ ಬಣ್ಣ, ಕೂತರೆ ನೆಲಕ್ಕೆ ಕೂತ ಹಾಗೆ. ಜೀವಮಾನವೆಲ್ಲ ಇನ್ನೊಬ್ಬರು ಓಡಿಸುವಾಗ ಪಕ್ಕದ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತವಳು ಅವಳು. ಇನ್ನಾದರೂ ತನ್ನಿಷ್ಟಕ್ಕೆ ಓಡಿಸಬೇಕು ಅನ್ನಿಸಿತ್ತು. ಗಂಡ ಟೇಪು ಹಿಡಿದು ಕಾರಿನ ಸುತ್ತ ಓಡಾಡಿ, "ಸೊಂಟ ಸ್ವಲ್ಪ ಜಾಸ್ತಿನೇ ಇದೆ ಕಣೇ" ಎನ್ನುತ್ತ ಅದಕ್ಕೊಂದು ಬೂದು ಬಣ್ಣದ ಹೊದಿಕೆ ಹೊಲಿದುಕೊಟ್ಟ.

ಆ ಕಾರಿನಲ್ಲಿ ಕ್ಲಚ್ ಪೆಡಲ್ಲೇ ಇರಲಿಲ್ಲ. ಯಾವ ಗೇರು ಯಾವಾಗ ಬೀಳಬೇಕೆಂದು ಒಳಗಿನ ಕಂಪ್ಯೂಟರೇ ತೀರ್ಮಾನಿಸುತ್ತಿತ್ತು. ಮೊದಮೊದಲು ಬೆಣ್ಣೆಯಲ್ಲಿ ಚಾಕು ಆಡಿಸಿದಷ್ಟು ನುಣುಪಾಗಿ ಓಡಿತು.

ಒಂದು ಬೆಳಿಗ್ಗೆ ದೊಡ್ಡ ಸರ್ಕಲ್ಲಿನಲ್ಲಿ ಹಸಿರು ದೀಪ ಬಿತ್ತು. ಕ್ಲಚ್ಚಕ್ಕ ಆಕ್ಸಿಲರೇಟರ್ ಒತ್ತಿದಳು. ಇಂಜಿನ್ನು ಅರಚಿತು, ಕಾರು ಜಪ್ಪಯ್ಯ ಅಂದರೂ ಮುಂದಕ್ಕೆ ಹೋಗಲಿಲ್ಲ. ಎದುರಿನ ಪರದೆಯಲ್ಲಿ ಗೇರಿನ ಅಂಕಿಯೇ ಮಾಯವಾಗಿ, ಹಲ್ಲಿನ ಚಕ್ರದಂಥ ಒಂದು ಹಳದಿ ಗುರುತು ಮಿನುಗುತ್ತಿತ್ತು. ಹಿಂದೆ ಹಾರನ್ನುಗಳ ಸುರಿಮಳೆ. ಟ್ರಾಫಿಕ್ ಪೊಲೀಸ್ ದಾಪುಗಾಲು ಹಾಕಿಕೊಂಡು ಬಂದವನು ಕಿಟಕಿಯೊಳಗೆ ಬಗ್ಗಿ ನೋಡಿ ಮೆತ್ತಗಾದ.

"ಅಕ್ಕ, ನೀವಾ?"

"ನಾನೇ ಕಣಪ್ಪ. ಗೇರು ಬೀಳ್ತಿಲ್ಲ."

"ನಿಮಗೇ ಬೀಳ್ತಿಲ್ವಾ?"

ಅವನೂ ಅವಳ ಶಿಷ್ಯನೇ. ವ್ಯಂಗ್ಯವಾಡಿದ್ದಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟಿದ್ದ. ಅದೇ ಅವಳಿಗೆ ಹೆಚ್ಚು ಚುಚ್ಚಿತು.

ಟ್ರಕ್ಕಿನ ಬೆನ್ನೇರಿ ಸರ್ವಿಸ್ ಸೆಂಟರಿಗೆ ಹೋದ ಕಾರು ಅಲ್ಲಿ ಇಳಿಸಿದ ಕೂಡಲೇ ಏನೂ ಅರಿಯದ ಮಗುವಿನಂತೆ ಓಡಿತು. ಅಲ್ಲಿನ ಮೇಲ್ವಿಚಾರಕ, ಹಿಂದೆ ಅವಳ ಬಳಿ ಕಲಿಯುವಾಗ ವಿದ್ಯುತ್ ಕಂಬಕ್ಕೇ ಗುದ್ದಿದವನು, ಈಗ ಕಂಪ್ಯೂಟರ್ ತೋರಿಸಿ ಹೇಳಿದ: "ಏನೂ ದೋಷ ಕಾಣಿಸ್ತಿಲ್ಲ ಅಕ್ಕ. ಸಾಫ್ಟ್‌ವೇರ್ ಹೊಸದು ಹಾಕಿದ್ದೀವಿ. ಇನ್ನು ಸರಿಹೋಗುತ್ತೆ."

ಸರಿಹೋಗಿದೆಯೆಂದು ನಂಬಿ ಅವಳು ಒಂದು ಭಾನುವಾರ ಗಂಡನನ್ನು ಕೂರಿಸಿಕೊಂಡು ಬೆಟ್ಟದ ರಸ್ತೆ ಹತ್ತಿದಳು. ಅವನು ಬಾಗಿಲ ಹಿಡಿ ಬಿಗಿಹಿಡಿದಿದ್ದರೂ ನಗುನಗುತ್ತ ಇದ್ದ. ಕಡಿದಾದ ತಿರುವೊಂದರಲ್ಲಿ ಒಳಗೆಲ್ಲೋ ಟಕ್ಕೆಂದು ಸದ್ದಾಯಿತು. ಅಂಕಿ ಮಾಯ. ಕಾರು ಹಿಂದಕ್ಕೆ ಜಾರತೊಡಗಿತು. ಬ್ರೇಕು ಹಿಡಿಯಿತು ಸದ್ಯ. ಆದರೆ ಹ್ಯಾಂಡ್ ಬ್ರೇಕು ಎಳೆದ ಮೇಲೂ ಕಾಲು ತೆಗೆಯಲು ಅವಳಿಗೆ ಧೈರ್ಯ ಸಾಲಲಿಲ್ಲ.

"ಇಳೀರಿ. ಚಕ್ರಕ್ಕೊಂದು ಕಲ್ಲು ಕೊಡಿ."

ಅವನು ಇಳಿದು, ಮೈಗೆ ಮಣ್ಣು ಮಾಡಿಕೊಂಡು ಕಲ್ಲು ಉರುಳಿಸಿ ತಂದ. ಅವಳು ಬ್ರೇಕು ಒತ್ತಿಕೊಂಡೇ ಕೂತಿದ್ದಳು. ಪಕ್ಕದಲ್ಲಿ ಕೂತು ಎಂಥೆಂಥ ಪುಕ್ಕಲರನ್ನು ಇದೇ ತಿರುವು ದಾಟಿಸಿದ್ದಳು. ಎಡಗಾಲ ಕೆಳಗೆ ಕ್ಲಚ್ಚೊಂದಿದ್ದಿದ್ದರೆ ಏನಾದರೂ ಮಾಡಬಹುದಿತ್ತು. ಇಲ್ಲಿ ಮಾಡುವುದಕ್ಕೇ ಏನೂ ಇರಲಿಲ್ಲ.

"ಪರವಾಗಿಲ್ಲ ಬಿಡು," ಎಂದ ಗಂಡ ಕಿಟಕಿಯ ಹೊರಗೆ ನಿಂತು.

ಈ ಸಲ ಸರ್ವಿಸ್ ಸೆಂಟರಿನವರು ಗೇರ್‌ಬಾಕ್ಸನ್ನೇ ಪೂರ್ತಿ ಬದಲಿಸಿದರು. ಹೊಸ ಗೇರ್‌ಬಾಕ್ಸಿನ ಕಾರು ಮನೆಯ ಗೇಟಿನಿಂದ ರಸ್ತೆಗಿಳಿಯುವಷ್ಟರಲ್ಲೇ ಮತ್ತೆ ಮುಷ್ಕರ ಹೂಡಿತು. ಅವಳು ಸರ್ವಿಸ್ ಸೆಂಟರಿಗೆ ಹೋಗಿ ಕೂತಳು. ಮೇಲ್ವಿಚಾರಕ ಅವಳನ್ನು ಹೊರಗೆ, ಹಳೆ ಟೈರುಗಳ ರಾಶಿಯ ಪಕ್ಕಕ್ಕೆ ಕರೆದುಕೊಂಡು ಹೋದ.

"ಅಕ್ಕ, ನಿಮ್ಮ ಹತ್ರ ಮುಚ್ಚಿಟ್ಟು ಏನು ಪ್ರಯೋಜನ. ಈ ಮಾಡೆಲ್ಲಿನ ಕಾರುಗಳು ಸುಮಾರು ಇದೇ ಕಾಯಿಲೆಯಿಂದ ಬರ್ತಿವೆ. ಆ ಡಬ್ಬಿ ಬಿಚ್ಚೋಕೆ ನಮಗೆ ಅನುಮತಿ ಇಲ್ಲ. ಕಳಚಿ ಕಂಪನಿಗೆ ಕಳಿಸ್ತೀವಿ, ಅವರು ಅಂಥದ್ದೇ ಇನ್ನೊಂದು ಕಳಿಸ್ತಾರೆ."

"ಅದೂ ಹೀಗೇ ಆಗುತ್ತಾ?"

"ಆಗಬಹುದು."

"ಹಾಗಾದ್ರೆ ನಾನೇನು ಮಾಡ್ಲಿ, ನೀನೇ ಹೇಳು."

ಅವನು ತಲೆ ತಗ್ಗಿಸಿದ. "ಗೊತ್ತಿಲ್ಲ ಅಕ್ಕ. ಗೊತ್ತಿದ್ರೆ ಹೇಳ್ತಿರಲಿಲ್ವಾ?"

ಅವನ ಮೇಲೆ ರೇಗಬೇಕೆಂದೇ ಬಂದಿದ್ದಳು. ಆ ಮುಖ ನೋಡಿದ ಮೇಲೆ ರೇಗಲು ಬಾಯಿ ಬರಲಿಲ್ಲ. ಕಂಪನಿಗೆ ಫೋನ್ ಮಾಡಿದರೆ ಇಂಪಾದ ದನಿಯ ಹುಡುಗಿಯೊಬ್ಬಳು, "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತೆ ಮೇಡಂ, ಪರಿಶೀಲನೆ ನಡೀತಿದೆ" ಎನ್ನುತ್ತಿದ್ದಳು. ಪ್ರತಿ ಸಲವೂ ಹುಡುಗಿ ಬೇರೆ, ಮಾತು ಅದೇ.

ಕಾರು ಸರ್ವಿಸ್ ಸೆಂಟರಿನ ಹಿತ್ತಲಲ್ಲೇ ಉಳಿಯಿತು. ಆಸ್ಪತ್ರೆಯಲ್ಲಿರುವವರನ್ನು ನೋಡಿಬರುವ ಹಾಗೆ ಕ್ಲಚ್ಚಕ್ಕ ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದಳು. ಒಮ್ಮೆ ಹೋದಾಗ ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಕಾರು, ಬಿಳಿಯದು, ನಿಂತಿತ್ತು. ಅದರ ಬಾನೆಟ್ಟಿಗೆ ಒರಗಿ, ಡಾಕ್ಟರರ ಬಿಳಿ ಕೋಟನ್ನು ತೋಳಿನ ಮೇಲೆ ಹಾಕಿಕೊಂಡ ಯುವಕನೊಬ್ಬ ನಿಂತಿದ್ದ.

"ನಿಮ್ದೂ ಗೇರೇನಾ?" ಎಂದು ಕೇಳಿದಳು.

"ಹೂಂ. ಮೇಲ್ಸೇತುವೆ ಮೇಲೆ ನಿಂತುಬಿಡ್ತು. ನಿಮ್ದು?"

"ಬೆಟ್ಟದ ಮೇಲೆ."

ಊಟದ ಹೊತ್ತಾಯಿತೆಂದು ಕಾವಲುಗಾರ ಗೇಟು ಹಾಕಲು ಬಂದ. ಇಬ್ಬರೂ ಹೊರಬಂದು ಬಸ್‌ಸ್ಟಾಪಿನಲ್ಲಿ ನಿಂತರು. ಮೊದಲ ಬಸ್ಸು ತುಂಬಿತ್ತು, ನಿಲ್ಲಿಸದೆ ಹೋಯಿತು.