ಗ್ವಾಡಿ ಆಡುವವನು

ನನ್ನ ಅಣ್ಣ ಹೊಟ್ಟೆಪಾಡಿಗೆ ಕಬಡ್ಡಿ ಆಡುತ್ತಾನೆ. ವೃತ್ತಿಪರ ತಂಡ, ಟಿವಿಯಲ್ಲಿ ಬರುವ ಪಂದ್ಯ. ಆದರೆ ಟಿವಿಯಲ್ಲಿ ಅವನನ್ನು ಹುಡುಕುವುದು ಕಷ್ಟ. ರೇಡ್ ಮಾಡುವವನ ಮುಖ ತೋರಿಸುತ್ತಾರೆ. ಕಾಲು ಹಿಡಿದು ಕೆಡವಿದ ಮೂಲೆಯವನು ತೊಡೆ ತಟ್ಟುವುದನ್ನು ತಿರುಗಿ ತಿರುಗಿ ತೋರಿಸುತ್ತಾರೆ. ಅಣ್ಣ ಆ ಮೂಲೆಯವನ ಪಕ್ಕದವನು. ಅವನ ಕೈ ಹಿಡಿದು ನಿಲ್ಲಬೇಕು, ಅವನು ಕಾಲಿಗೆ ಬಿದ್ದ ಕ್ಷಣ ರೇಡರ್‌ಗೂ ನಡುಗೆರೆಗೂ ಮಧ್ಯೆ ತನ್ನ ಮೈಯನ್ನು ಅಡ್ಡ ಹಾಕಬೇಕು. ಏಟು ಅಣ್ಣನಿಗೆ, ಅಂಕ ಮೂಲೆಯವನಿಗೆ. ಇಷ್ಟು ವರ್ಷಗಳಲ್ಲಿ ಅವನ ಬಲಭುಜ ಜಾರಿ ಕೂಡಿದೆ, ಮೂಗು ಸೊಟ್ಟಗಾಗಿದೆ. ಆ ಜಾಗಕ್ಕೆ ಕವರ್ ಎನ್ನುತ್ತಾರೆ. ಸಿರುಗುಪ್ಪದ ನಮ್ಮ ಓಣಿಯಲ್ಲಿ ಗ್ವಾಡಿ ಎನ್ನುತ್ತಿದ್ದೆವು. ಗೋಡೆ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೆಮ್ಮೆಯಿಂದಲೇ ಹೇಳುತ್ತೇನೆ. ನಮ್ಮೂರ ಹತ್ತಿರದ ಕರೂರಿನ ಗದ್ದೆಗಳಲ್ಲಿ ಕೂಲಿಗೆ ನಾಟಿ ಹಚ್ಚಿಯೇ ಓದಿದ್ದು. ಹಾಗಾಗಿ ನಾನು ಸುಲಭಕ್ಕೆ ಬೆರಗಾಗುವವಳಲ್ಲ. ಬಳ್ಳಾರಿಯ ಆ ಒಂದು ಬೆಳಗ್ಗೆ ಮಾತ್ರ ಬೆರಗಾದೆ.

ಅಣ್ಣ ಆಗ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಿದ್ದ, ಬಿಡುವಾದಾಗ ಕುರುಗೋಡಿನ ತಂಡಕ್ಕೆ ಆಡುತ್ತಿದ್ದ. ವೃತ್ತಿಪರ ತಂಡದವರು ಆಯ್ಕೆಗೆಂದು ಬಳ್ಳಾರಿಗೆ ಬಂದಿದ್ದರು. ಅವನ ವಯಸ್ಸು ಮೀರುತ್ತಿತ್ತು. ಈ ಸಲ ಆಗದಿದ್ದರೆ ಇನ್ನು ಮಿಲ್ಲೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಲ್ಲೇ ಸತ್ಯನಾರಾಯಣಪೇಟೆಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ ನಾನೂ ಮೈದಾನಕ್ಕೆ ಹೋಗಿದ್ದೆ.

ಕೋಚ್ ತೆಲುಗಿನವರು, ತಕ್ಕಮಟ್ಟಿಗೆ ಕನ್ನಡ ಬರುತ್ತಿತ್ತು. "ನಿಂದು ಯಾವ ಪೊಸಿಷನ್?" ಎಂದು ಅಣ್ಣನನ್ನು ಕೇಳಿದರು.

"ಗ್ವಾಡಿ, ಸಾರ್."

"ಗೋಡಾ?" ಎಂದರು ಕೋಚ್. ತೆಲುಗಿನಲ್ಲೂ ಅದು ಗೋಡೆಯೇ. ಸುತ್ತ ನಿಂತವರೆಲ್ಲ ನಕ್ಕರು.

"ಲೇ, ಕವರ್ ಅನ್ನಲೇ," ಎಂದ ಹಿಂದಿದ್ದ ಕುರುಗೋಡಿನ ಗೆಳೆಯ. "ಸುಣ್ಣ ಬಳದು ಮನಿಗೆ ಕಳಸ್ತಾರ ನೋಡು."

"ಎಷ್ಟು ಜನರನ್ನ ಹಿಡಿದಿದ್ದೀಯ?" ಕೋಚ್ ಮತ್ತೆ ಕೇಳಿದರು.

"ನಾ ಹಿಡಿಯೋದು ಕಮ್ಮಿ, ಸಾರ್. ಮೂಲ್ಯಾಗಿನವ ಹಿಡಿತಾನ. ನಾ ಹೋಗಾಕ ಬಿಡಂಗಿಲ್ಲ."

ಮುಗಿಯಿತು ಎಂದುಕೊಂಡೆ.

ಆಟ ಶುರುವಾಯಿತು. ರೇಡರ್ ಬಂದ, ಮೂಲೆಯವನು ಕಾಲಿಗೆ ಬಿದ್ದ, ಅಣ್ಣ ನುಗ್ಗಿ ಅಡ್ಡ ನಿಂತ. ಲಾರಿಯಿಂದ ಭತ್ತದ ಚೀಲ ಬಿದ್ದಂಥ ಸದ್ದು ಬೇಲಿಯಾಚೆ ನನಗೆ ಕೇಳಿಸಿತು. ಚಪ್ಪಾಳೆ ಬಿತ್ತು, ಮೂಲೆಯವನಿಗೆ. ಕೋಚ್ ಅಣ್ಣನನ್ನು ಹೊರಗೆ ಕರೆದು ಅವನ ಜಾಗಕ್ಕೆ ಬೇರೊಬ್ಬ ಎತ್ತರದವನನ್ನು ನಿಲ್ಲಿಸಿದರು. ಅದೇ ರೇಡರ್, ಅದೇ ಮೂಲೆಯವನು. ಪ್ರತಿ ಸಲವೂ ಕಾಲು ಸಿಕ್ಕಿತು, ರೇಡರ್ ಎಳೆದುಕೊಂಡೇ ನಡುಗೆರೆ ಮುಟ್ಟಿದ. ಅಣ್ಣ ಗೆರೆಯ ಹೊರಗೆ ಸೊಂಟದ ಮೇಲೆ ಕೈಯಿಟ್ಟು ನೆಲ ನೋಡುತ್ತಿದ್ದ.

ಕೋಚ್ ಅವನನ್ನು ತಿರುಗಿ ಒಳಗೆ ಕಳಿಸಿದರು. ರೇಡರ್ ಬಂದ, ಅಣ್ಣನನ್ನು ನೋಡಿದ, ಆಚೆ ಬದಿಗೆ ಸರಿದುಹೋದ. ಮುಂದಿನವನೂ ಹಾಗೇ. ಅದರ ಮುಂದಿನವನೂ. ಅರ್ಧ ಅಂಕಣ ಬರಿದೇ ಬಿದ್ದಿತ್ತು. ಮೂಲೆಯವನಿಗೆ ಮಾಡಲು ಕೆಲಸವಿಲ್ಲ. ಅಣ್ಣ ಅವನ ಕೈ ಹಿಡಿದು, ಮಂಡಿ ತುಸು ಬಾಗಿಸಿ, ಸುಮ್ಮನೆ ನಿಂತಿದ್ದ. ಆಟವೆಲ್ಲ ಆಚೆ ಬದಿಯಲ್ಲಿ ನಡೆಯುತ್ತಿದ್ದರೂ ನಾನು ಯಾರೂ ಕಾಲಿಡದ ಆ ಮಣ್ಣನ್ನೇ ನೋಡುತ್ತಿದ್ದೆ. ಒಬ್ಬ ಮನುಷ್ಯ ನಿಂತರೇ ಇಷ್ಟಾಗುತ್ತದೆಯೇ?

ಸೀಟಿ ಊದಿದ ಮೇಲೆ ಕೋಚ್ ತಮ್ಮ ಪಕ್ಕದವರಿಗೆ, "ಆ ಗೋಡ ನಮಗೆ ಬೇಕು," ಎಂದರು. ಈ ಸಲ ಯಾರೂ ನಗಲಿಲ್ಲ.

ಅಲ್ಲಿಂದಲೇ ಅವ್ವನಿಗೆ ಫೋನ್ ಹಚ್ಚಿ ಅಣ್ಣನ ಕೈಗೆ ಕೊಟ್ಟೆ. "ಯವ್ವಾ, ತಗಂಡ್ರು," ಎಂದ.

"ಎಷ್ಟು ಮಂದೀನ ಹಿಡದ್ಯಪ್ಪಾ?"

"ಯಾರೂ ನನ್ ಕಡಿಗೆ ಬರ್ಲೇ ಇಲ್ಲಬೇ."

ಅವ್ವ, "ತಂಗೀಗೆ ಕೊಡು ಫೋನು," ಎಂದಳು. ನನಗೆ ಮೆಲ್ಲಗೆ ಹೇಳಿದಳು: "ಇವನ್ನಲ್ಲ, ಬ್ಯಾರೆ ಯಾರನ್ನರ ಕರದಿರ್ಬೇಕವಾ ಅವ್ರು. ನೀ ಓದಿದಾಕಿ ಅದಿ, ಇನ್ನೊಮ್ಮಿ ಕೇಳಿ ನೋಡು."