ಬಸ್ಸಿಗೆ ಸೇರಿದ ಗಾಳಿ

ಒಂದು ಕಡೆ ಕೂರುವ ಜಾಯಮಾನ ನನ್ನದಲ್ಲ. "ಇವ್ನು ಕಾಲ್ಗೆ ಚಕ್ರ ಕಟ್ಕಂಡೇ ಉಟ್ಟವ್ನೆ" ಎನ್ನುತ್ತಿದ್ದಳು ಅವ್ವ. ಕೊನೆಗೆ ಬಸ್ ಡ್ರೈವರ್ ಆದೆ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ದಿನಕ್ಕೆ ನಾಲ್ಕು ಸಲ ಓಡಾಟ. ಐವತ್ತರ ದಶಕ ಅರ್ಧ ಕಳೆದಿತ್ತು. ಹಳೆಯ ಪೆಟ್ರೋಲ್ ಗಾಡಿ ಹೋಗಿ ಡೀಸೆಲ್ ಬಸ್ಸು ಆಗಷ್ಟೇ ಬಂದಿತ್ತು.

ಒಂದು ಬೆಳಿಗ್ಗೆ ಚಾಮರಾಜನಗರದಲ್ಲಿ ಡೀಸೆಲ್ ಹಾಕಿಸಲು ಎರಡು ಲಾರಿಗಳ ಹಿಂದೆ ಕಾಯಬೇಕಾಗಿತ್ತು. ಯಾರು ಕಾಯುತ್ತಾರೆ? ಹಾಗೇ ಹೊರಟುಬಿಟ್ಟೆ. ಗುಂಡ್ಲುಪೇಟೆ ಸ್ಟ್ಯಾಂಡಿಗೆ ಇನ್ನೇನು ತಿರುಗಬೇಕು, ಟ್ಯಾಂಕು ಬರಿದಾಗಿ ಬಸ್ಸು ನಿಂತಿತು. ಡಬ್ಬದಲ್ಲಿ ಡೀಸೆಲ್ ತಂದು ಸುರಿದರೂ ಎಂಜಿನ್ ಕೆಮ್ಮಿತೇ ಹೊರತು ಏಳಲಿಲ್ಲ.

ಸ್ಟ್ಯಾಂಡಿನ ಎದುರಿಗೆ ಗಾಡಿ ರಿಪೇರಿ ಮಾಡುತ್ತಿದ್ದ ಮೇಸ್ತ್ರಿ ಬಂದರು. ಪೆಟ್ರೋಲ್ ಗಾಡಿಗಳಲ್ಲೇ ತಲೆ ನರೆತವರು. "ಪೈಪ್ಗೆ ಗಾಳಿ ಸೇರ್ಕಂಡದೆ ಕಣ್ಲಾ. ತೆಗೀಬೇಕು, ತಡಿ. ನಾನು ಏಳೋಗಂಟ ಕೀಲಿ ಮುಟ್ಬ್ಯಾಡ" ಎಂದು, ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಒಂದನ್ನು ಬಿಚ್ಚಿ ಪೈಪಿನ ತುದಿಗೇ ಹೊರಮುಖವಾಗಿ ಸಿಕ್ಕಿಸಿದರು. ಎಣ್ಣೆ ಬರುತ್ತಿದೆಯೇ ಎಂದು ಬೆರಳಿಟ್ಟು ನೋಡುವುದು ಪೆಟ್ರೋಲ್ ಗಾಡಿಯ ಅಭ್ಯಾಸ. ಅದೇ ಅಭ್ಯಾಸದಲ್ಲಿ ಬೆರಳಿಟ್ಟರು. ವಾಪಸು ಹೊರಡಲು ಹತ್ತಿ ಕೂತ ಜನ ಹಿಂದಿನಿಂದ ಗೊಣಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ, ಕೀಲಿ ತಿರುಗಿಸಿದೆ.

"ಥೂ, ಮುಳ್ಳು ಚುಚ್ಚಿದಂಗಾಯ್ತಲ್ಲಾ!" ಎಂದು ಕೈ ಕೊಡವಿದರು. ಬಲಗೈ ತೋರುಬೆರಳಲ್ಲಿ ಸೂಜಿಮೊನೆಯಷ್ಟು ಗುರುತು, ರಕ್ತವೂ ಬರಲಿಲ್ಲ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ನುಗ್ಗುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕು ಎಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಇಂಜೆಕ್ಟರನ್ನು ಮತ್ತೆ ಕೂರಿಸಿದರು, ಬಸ್ಸು ಹೊರಟಿತು. ನನಗೆ ಬೇಕಿದ್ದದ್ದು ಅಷ್ಟೇ.

ಮಧ್ಯಾಹ್ನ ತಿರುಗಿ ಬಂದಾಗ ಅವರ ಹೆಂಡತಿ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದರು. "ಕೈ ಉರಿ ಅಂತ ಮನಿಕ್ಕಂಡವ್ರೆ. ಏನಾಯ್ತಪ್ಪಾ?"

ಎಂಜಿನ್ ಕೂಡ ಆರಿಸದೆ ಹೇಳಿದೆ: "ಏನಿಲ್ಲ ಕಣಕ್ಕ, ಗಾಳಿ ಸೇರ್ಕಂಡಿತ್ತು. ತೆಗೀವಾಗ ತಾಕ್ಬುಡ್ತು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಓಡಿದರು. ನಮ್ಮ ಕಡೆ ಗಾಳಿ ಎಂದರೆ ದೆವ್ವವೂ ಹೌದೆಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದರೆ ಬಾಗಿಲ ತುಂಬ ಬೇವಿನ ಸೊಪ್ಪು, ಒಳಗೆ ಲೋಬಾನದ ಹೊಗೆ. ಮಂತ್ರಿಸಿದ ದಾರದ ಕೆಳಗೆ ಬೆರಳು ಕಪ್ಪಾಗಿತ್ತು, ಊತ ಮೊಣಕೈವರೆಗೆ ಏರಿತ್ತು. "ಗಾಳಿ ಅಂತ ನೀನೇ ಅಲ್ವಾ ಏಳಿದ್ದು?" ಎಂದರು ಅಕ್ಕ. ನಾಚಿಕೆಯಿಂದ ಸತ್ತೇಹೋದೆ.

ಬಸ್ಸಿಗೆ ಒಬ್ಬರನ್ನೂ ಹತ್ತಿಸಿಕೊಳ್ಳದೆ ಅವರನ್ನು ಮಲಗಿಸಿಕೊಂಡು ಚಾಮರಾಜನಗರದ ಆಸ್ಪತ್ರೆಗೆ ಓಡಿಸಿದೆ. ನಿತ್ಯ ತಿರುಗುವ ರಸ್ತೆ ಅಂದು ಮುಗಿಯಲೇ ಒಲ್ಲದು. ಡಾಕ್ಟರು ಬೆರಳು ಸೀಳಿದಾಗ ಬಾಗಿಲಲ್ಲಿ ನಿಂತಿದ್ದ ನನಗೂ ಡೀಸೆಲ್ ವಾಸನೆ ಹೊಡೆಯಿತು. "ನಿನ್ನೆಯೇ ಬಂದಿದ್ದರೆ ಬೆರಳು ಉಳಿಸಬಹುದಿತ್ತು" ಎಂದರು. ಕೈ ಉಳಿಯಿತು, ಬೆರಳು ಹೋಯಿತು.

ಕೆಲವು ತಿಂಗಳ ಮೇಲೆ ಬಸ್ಸಿಗೆ ಮತ್ತೆ ಅದೇ ರೋಗ. ಈ ಸಲ ಮೇಸ್ತ್ರಿ ಇಂಜೆಕ್ಟರ್ ಮುಂದೆ ಹಿಡಿಯಲು ಒಂದು ರಟ್ಟಿನ ತುಂಡು ತಂದಿದ್ದರು. ಸೀಟಿನಲ್ಲಿ ನನ್ನ ಕಾಲು ಕುಣಿಯುತ್ತಲೇ ಇತ್ತು. ಅವರು ಕಿಟಕಿಯ ಬಳಿ ಬಂದು ನಾಲ್ಕು ಬೆರಳಿನ ಆ ಕೈ ಚಾಚಿದರು.

"ಕೀಲಿ ಕೊಡ್ಲಾ."

"ಮುಟ್ಟಲ್ಲ ಕಣಣ್ಣ."

"ಕೊಡು. ಅವತ್ತು ಗಾಳಿ ಬುಡ್ಸಿದ್ದೇನೋ ಸರಿನೇ ಕಣ್ಲಾ. ಆಳು ಬದ್ಲಾಯ್ತು ಅಷ್ಟೆ, ನಿಂಗೆ ಬುಡ್ಸಬೇಕಿತ್ತು."

ಕೀಲಿಯನ್ನು ಅವರ ಅಂಗೈಯಲ್ಲಿಟ್ಟು ಕೆಳಗಿಳಿದೆ.