ಮಾಳಿಗಿ ಮ್ಯಾಲ ಒಬ್ಬ, ಟಿವಿ ಮುಂದ ಒಬ್ಬಾಕಿ

ಜಹೀರಾಬಾದಿನ ಹಳೇ ಗಲ್ಲಿಗಳಾಗ ನೀವು ಬರೇ ವೈಜಿನಾಥ ಅಂದ್ರ "ಯಾವ ವೈಜಿನಾಥ?" ಅಂತಾರ. "ಅಂಟೇನಾ ವೈಜಿನಾಥ" ಅಂದ್ರ ಸಾಕು, ಚಾ ಕುಡಿಯೋರು ಕಪ್ ಇಟ್ಟು ಎದ್ದು ಮನಿ ತೋರಸ್ತಾರ. ಆ ಹೆಸರು ಸುಮ್ನ ಬಂದಿದ್ದಲ್ಲ. ಮೂವತ್ತು ವರ್ಷದ ಹಿಂದ ನ್ಯಾಲ್ಕಲ್‌ನಿಂದ ಬಂದು ಇಲ್ಲಿ ಒಂದು ಕಾರ್ಖಾನಿಯಾಗ ವಾಯರ್‌ಮನ್ ಕೆಲಸಕ್ಕ ಸೇರಿದಾಗ, ರಜಾ ದಿನ ಬಂತಂದ್ರ ಅಂವ ಮಂದಿ ಮಾಳಿಗಿ ಮ್ಯಾಲೇ ಇರ್ತಿದ್ದ. ಆಗ ಈ ಗಡಿ ಊರಾಗ ಅಂಟೇನಾದ ಮುಖ ನೋಡೇ ಮನಿಯವರ ಮಾತು ಯಾವುದಂತ ಹೇಳಬಹುದಿತ್ತು. ತೆಲುಗು ಬೇಕಾದವರದು ಹೈದರಾಬಾದ್ ಕಡಿ, ಕನ್ನಡ ಬೇಕಾದವರದು ಕಲಬುರ್ಗಿ ಕಡಿ. ಎರಡೂ ಬೇಕಾದವರು ಕೋಲು ತಿರುವಿ ತಿರುವಿ ಹೈರಾಣ ಆಗಿ ಕಡೀಗೆ ವೈಜಿನಾಥನ್ನ ಕರೀತಿದ್ದರು.

ಆ ಕೆಲಸಕ್ಕ ಇಬ್ಬರು ಬೇಕು. ಒಬ್ಬರು ಮ್ಯಾಲ ನಿಂತು ತಿರುವಬೇಕು, ಒಬ್ಬರು ಕೆಳಗ ಟಿವಿ ಮುಂದ ನಿಂತು ಕೂಗಬೇಕು. "ಬಂತೇನು?" "ಇಲ್ಲ!" "ಈಗ?" "ಬಂತು, ಬಂತು... ಅಯ್ಯ, ಹೋತು!" ಮ್ಯಾಲಿದ್ದವನಿಗೆ ಚಿತ್ರ ಕಾಣಂಗಿಲ್ಲ. ಕೆಳಗಿನ ದನಿನೇ ಅವನ ಕಣ್ಣು. ಮಂದಿ ಮನ್ಯಾಗ ಯಾರರೆ ಕೂಗ್ತಿದ್ದರು. ತನ್ನ ಮನ್ಯಾಗ ಮಾತ್ರ ಹೆಂಡ್ತಿ ಜನಾಬಾಯಿನೇ ಆಗಬೇಕು. ತಾಂಡೂರಿನಾಕಿ, ತೆಲುಗು ಸಾಲಿ ಕಲಿತಾಕಿ, ಗಂಟಲು ನಾಕು ಮನಿ ದಾಟಿ ಕೇಳಸ್ತಿತ್ತು. "ಉಳಿದವರು ಬಂತು ಅಂದ್ರ ಅರ್ಧ ಬಂದಿರ್ತದ. ನಮ್ಮಾಕಿ ಬಂತು ಅಂದ್ರ ಬಂದಂಗೇ," ಅಂತ ವೈಜಿನಾಥ ಕಂಡಕಂಡವರ ಮುಂದ ಹೇಳಿಕೊಂಡು ತಿರಗ್ತಿದ್ದ.

ಆಮ್ಯಾಲ ಕೇಬಲ್ ಬಂತು. ಅಂಟೇನಾಗಳು ಬಟ್ಟಿ ಒಣಹಾಕೋ ಕೋಲು ಆದ್ವು. ವೈಜಿನಾಥನ ಹೆಸರು ಉಳೀತು, ಕೆಲಸ ಹೋತು.

ಈ ವರ್ಷ ಉಗಾದಿಗೆ ಇನ್ನೊಂದು ತಿಂಗಳು ಇದ್ದಾಗ ಜನಾಬಾಯಿಯ ಅಕ್ಕ ಅಮೃತಬಾಯಿಯ ಗಂಡ ತಾಂಡೂರಿನ್ಯಾಗ ತೀರಿಕೊಂಡ. ಜನಾಬಾಯಿ ಹೋಗಿ ಹದಿನೈದು ದಿನ ಅಲ್ಲೇ ಇದ್ಳು. ಇತ್ತ ಮನ್ಯಾಗ ಒಬ್ಬನೇ ಕುಂತ ವೈಜಿನಾಥ ಟಿವಿ ಹಚ್ಚಿದ್ರ ಮೊದಲು ಬರ್ತಿದ್ದ ಕನ್ನಡ ಚಾನೆಲ್ ಒಂದೂ ಇಲ್ಲ. ಕೇಬಲ್ ಶಿವರಾಜನ್ನ ಕೇಳಿದ್ರ ಅಂವ ಹಲ್ಲು ಕಿಸದು, "ಕಾಕಾ, ಈ ಊರಾಗ ಅವನ್ನ ಯಾರ್ ನೋಡ್ತಾರ? ನಿಮ್ಮೊಬ್ಬರ ಸಲುವಾಗಿ ಇಡ್ಲೇನು?" ಅಂದ.

ಒಂದು ಕಾಲಕ್ಕ ಊರಿಗೆಲ್ಲಾ ಚಿತ್ರ ತಂದುಕೊಟ್ಟ ಮನಷ್ಯಾಗ ಈ ಮಾತು! ವೈಜಿನಾಥ ಮನಿಗೆ ಬಂದವನೇ ಪಕ್ಕಡ್ ತಗೊಂಡು ಕೇಬಲ್ ವಾಯರ್ ಕಟ್ ಅನಿಸಿಬಿಟ್ಟ. ಬಜಾರಿಗೆ ಹೋಗಿ ಒಂದು ಪುಕ್ಕಟೆ ಚಾನೆಲ್ ಬರೋ ಡಿಶ್ ಛತ್ರಿ, ಅದರ ಡಬ್ಬಿ ಹೊತ್ತುಕೊಂಡು ಬಂದ. ಹೆಂಡ್ತಿಗೆ ಒಂದು ಫೋನ್ ಮಾಡಿ ಕೇಳಬೇಕಿತ್ತಲ್ಲ? ಕೇಳಲಿಲ್ಲ. ಗಂಡಸರ ಸಿಟ್ಟಿಗೆ ಕಿವಿ ಇರ್ತಾವೇನು?

ಜನಾಬಾಯಿ ವಾಪಸ್ ಬಂದು ನೋಡಿ ಜಗಳ ಮಾಡಲಿಲ್ಲ. ಒಂದೇ ಮಾತು ಕೇಳಿದ್ಳು: "ಮಧ್ಯಾನ್ನದ ನನ್ನ ತೆಲುಗು ಸೀರಿಯಲ್ ಇದರಾಗ ಬರ್ತದೇನ್ರಿ?"

"ಎಲ್ಲಾ ಬರ್ತದ," ಅಂದ ವೈಜಿನಾಥ.

ಬರಂಗಿಲ್ಲ ಅಂತ ಅವನಿಗೆ ಗೊತ್ತಿತ್ತು. ಅಂಗಡಿಯಂವ ಮೊದಲೇ ಹೇಳಿದ್ದ, ಅದು ರೊಕ್ಕದ ಚಾನೆಲ್ಲು ಅಂತ. ಎರಡು ದಿನ ಬೈತಾಳ, ಮೂರನೇ ದಿನ ಹೊಂದ್ಕೋತಾಳ ಅಂತ ಅಂವ ಅಂದ್ಕೊಂಡ. ಈ ಸುಳ್ಳು ಯಾರದು, ಯಾವಾಗ ಹೇಳಿದ್ದು ಅಂತ ನೆನಪಿಟ್ಕೋರಿ.

ಅಂಗಡಿಯಂವ ಇನ್ನೊಂದು ಮಾತೂ ಹೇಳಿದ್ದ. "ಸಿಗ್ನಲ್ ಮೀಟರ್ ಹಚ್ಚಿ ಹತ್ತು ನಿಮಿಷದಾಗ ಛತ್ರಿ ಕೂಡಿಸಿ ಕೊಡ್ತೀವ್ರಿ."

"ಮೀಟರ್ ಬೇಕಾಗೋದು ಮನ್ಯಾಗ ನಂಬೋರು ಇಲ್ಲದವರಿಗೆ," ಅಂತ ವೈಜಿನಾಥ ಎದಿ ಉಬ್ಬಿಸಿ ಅಂದಿದ್ದ. "ನನ್ನ ಮನ್ಯಾಗ ಜನಾಬಾಯಿ ಇದ್ದಾಳ."

ರವಿವಾರ ಮುಂಜಾನಿ ಮ್ಯಾಲ ಏರಿದ. ಛತ್ರಿ ಆಗ್ನೇಯಕ್ಕ ಮುಖ ಮಾಡಬೇಕು. ಒಂದು ಬೆರಳು ಈ ಕಡಿ, ಒಂದು ಬೆರಳು ಆ ಕಡಿ. "ಬಂತೇನು?" "ಇಲ್ರಿ!" ಜರಾ ಎತ್ತಿದ. "ಈಗ?" "ಇಲ್ರಿ!" ಮಧ್ಯಾನ್ನದ ತನಕ ಇದೇ ಆತು. ಬಿಸಿಲಿಗೆ ಮಾಳಿಗಿ ಹಂಚಿನಂಗ ಕಾದಿತ್ತು. ಸೋಮವಾರ ಡ್ಯೂಟಿ ಮುಗಿಸಿ ಬಂದು ಮತ್ತ ಏರಿದ. ಮಂಗಳವಾರನೂ ಏರಿದ. ವಾಯರ್ ಬದಲಿ ಮಾಡಿದ, ತುದಿ ಹೊಸಾದು ಹಚ್ಚಿದ. ಕೆಳಗಿಂದ ಅದೇ ದನಿ, "ಇಲ್ರಿ!" ಗಲ್ಲಿ ಮಂದಿ ನಿಂತು ನೋಡಾಕ ಸುರು ಮಾಡಿದರು. ಶಿವರಾಜ ಬೈಕ್ ಮ್ಯಾಲ ಹೋಗೋ ಮುಂದ ಬೇಕಂತನೇ ಹಾರ್ನ್ ಹೊಡದು ಹೋದ.

ಅವತ್ತು ವೈಜಿನಾಥನ ಕಣ್ಣು ಬೇವಿನ ಗಿಡದ ಮ್ಯಾಲ ಬಿತ್ತು.

ಗಿಡ ಬಾಜೂ ಮನಿ ಸಾಯಪ್ಪಂದು. ಸರಿಯಾಗಿ ಆಗ್ನೇಯಕ್ಕ, ಮಾಳಿಗಿಗಿಂತ ಎತ್ತರ ಬೆಳದಿತ್ತು. ಸಾಯಪ್ಪ ಅಂದ್ರ ವೈಜಿನಾಥನ ಇಪ್ಪತ್ತು ವರ್ಷದ ದೋಸ್ತ, ಇಬ್ಬರೂ ಮೊದಲ ಚಾ ಒಂದೇ ಕಟ್ಟಿ ಮ್ಯಾಲ ಕುಂತು ಕುಡಿಯೋರು. ಉಗಾದಿ ದಿನ ಇಡೀ ಗಲ್ಲಿಗೆ ಬೇವಿನ ಹೂವು ಆ ಗಿಡದ್ದೇ. ಸಾಯಪ್ಪ ತಾನೇ ಏರಿ ಹೂವು ಇಳಿಸಿ, ತಾಟಿನ್ಯಾಗ ಹಾಕಿ ಮನಿಮನಿಗೆ ಕೊಟ್ಟು ಬರ್ತಿದ್ದ. ಮೊದಲ ತಾಟು ವೈಜಿನಾಥನ ಮನಿಗೆ. ಈ ಟೊಂಗಿಗಳೇ ಛತ್ರಿಗೆ ಅಡ್ಡ ಆಗ್ಯಾವ, ಕಡೀಬೇಕು ಅಂತ ವೈಜಿನಾಥ ಹೋಗಿ ಅವನ್ನ ಕೇಳಿದ.

"ಉಗಾದಿ ಇನ್ನ ಎಂಟು ದಿನ ಅದ, ವೈಜಣ್ಣ," ಅಂದ ಸಾಯಪ್ಪ. "ತುಂಬಿದ ಬಸುರಿಯಂಗ ನಿಂತದ ಗಿಡ. ಹಬ್ಬ ಆಗಲಿ, ಆಮ್ಯಾಲ ನೋಡೂಣು."

"ನನ್ನ ಮರ್ಯಾದಿ ಹೊಂಟದ ಇಲ್ಲಿ. ನಿನಗ ನನಗಿಂತ ಗಿಡ ಹೆಚ್ಚಾತೇನು?"

"ಕಡಕೋ ಹಂಗಾದ್ರ," ಅಂದು ಸಾಯಪ್ಪ ಒಳಗ ಹೋಗಿ ಬಾಗಿಲು ಹಾಕ್ಕೊಂಡ.

ವೈಜಿನಾಥ ಮೂರು ದೊಡ್ಡ ಟೊಂಗಿ ಕಡಿಸಿದ. ಹೂವು ತುಂಬಿದ ಟೊಂಗಿಗಳು ಗಲ್ಲಿಯಾಗ ಬಿದ್ದವು, ಮ್ಯಾಕಿಗಳು ಬಂದು ತಿಂದವು. ಜನಾಬಾಯಿ ಬಾಗಿಲದಾಗ ಸೆರಗು ಬಾಯಿಗೆ ಹಿಡಕೊಂಡು ನೋಡಿಕೋತ ನಿಂತಿದ್ಳು. ವೈಜಿನಾಥ ಮ್ಯಾಲ ಏರಿ ಛತ್ರಿ ಹಿಡದು ಕೂಗಿದ, "ಈಗ ಬಂತೇನು?"

"ಇಲ್ರಿ!"

ಮರುದಿನ ಸಂಜಿ. ನಟ್ಟಿಗೆ ಹಚ್ಚಿದ ಪಾನಾ ಸಣ್ಣದಾತು ಅಂತ ವೈಜಿನಾಥ ಇನ್ನೊಂದು ತರಾಕ ಹಿತ್ತಲ ಮೆಟ್ಲು ಇಳದು ಬಂದ. ಚಪ್ಪಲಿ ಮ್ಯಾಲೇ ಬಿಟ್ಟಿದ್ದ, ಸಪ್ಪಳ ಆಗಲಿಲ್ಲ. ಒಳಗ ಕಾಲಿಟ್ಟ. ಟಿವಿಯಾಗ ಕನ್ನಡದ ಹೆಣ್ಣಮಗಳೊಬ್ಬಾಕಿ ಸುದ್ದಿ ಓದಾಕತ್ತಿದ್ಳು. ಕನ್ನಡಿಯಾಗ ನೋಡಿದಂಗ ಸ್ವಚ್ಛ ಇತ್ತು ಚಿತ್ರ. ಅಕ್ಷರ ಸುದ್ದಾ ಓದಬಹುದಿತ್ತು. ದನಿ ಮಾತ್ರ ಇರಲಿಲ್ಲ. ಟಿವಿ ಮುಂದ ಜನಾಬಾಯಿ ರಿಮೋಟ್ ಹಿಡಕೊಂಡು ಕುಂತಿದ್ಳು, ದನಿ ಬಂದ್ ಮಾಡಿ. ಮ್ಯಾಲಿಂದ ಕೂಗು ಕೇಳಿಸಲಿಲ್ಲಂತ ಆಕಿನೇ ಮಾಳಿಗಿ ಕಡಿ ಮಾರಿ ಎತ್ತಿ ಕೂಗಿದ್ಳು:

"ಇಲ್ರಿ! ಇನ್ನಾ ಬಂದಿಲ್ರಿ!"

ಹೊಳ್ಳಿ ನೋಡಿದ್ರ ಗಂಡ ನಿಂತಾನ.

ವೈಜಿನಾಥಗ ಮೊದಲಿಗೆ ಸಿಟ್ಟೂ ಬರಲಿಲ್ಲ. ಕಾಟಿನ ಮ್ಯಾಲ ಕುಂತ. "ಯಾವತ್ತಿನಿಂದ?" ಅಂದ.

"ರವಿವಾರದಿಂದ. ಅರ್ಧ ತಾಸಿನ್ಯಾಗೇ ಬಂದಿತ್ತು. ನೀವು ತಿರುವಿದಂಗ ಹೋಗ್ತಿತ್ತು, ಮತ್ತ ಬರ್ತಿತ್ತು."

"ಗಿಡ ಕಡಿಯೋ ಮುಂದ?"

"ಆಗೂ ಬಂದಿತ್ತು."

"ಅಲ್ಲೇ, ನನ್ನ ದೋಸ್ತನ ಗಿಡ ಅದು! ನಿನ್ನ ಕಣ್ಣ ಮುಂದ ಬಿತ್ತಲ್ಲ! ಕಡಿದ ಮ್ಯಾಲರೆ ಬಂತು ಅಂದಿದ್ರ ಕಡಿದದ್ದಕ್ಕ ಒಂದು ಕಾರಣ ಆಗ್ತಿತ್ತು. ಅದೂ ಅನ್ನಲಿಲ್ಲ ನೀ. ಯಾಕ?"

"ಸಿಟ್ಟಿತ್ತು," ಅಂದ್ಳು ಜನಾಬಾಯಿ. ಆಮ್ಯಾಲ ಕಣ್ಣೀರು ಬಂತು, ಮಾತೂ ಬಂತು. "ಅಕ್ಕ ಅಲ್ಲಿ ಒಬ್ಬಾಕೇ ಅದಾಳ. ಭಾವನ ಸುದ್ದಿ ತೆಗದ್ರ ಅಳ್ತಾಳ. ಮಕ್ಕಳ ಸುದ್ದಿ ತೆಗದ್ರ ಅಳ್ತಾಳ. ಆ ಸೀರಿಯಲ್ ಮುಗಿದ ಕೂಡ್ಲೇ ಫೋನ್ ಮಾಡಿ, ಅತ್ತಿ ಹಿಂಗಂದ್ಳು, ಸೊಸಿ ಹಂಗ ಮಾಡಿದ್ಳು ಅಂತ ನಗ್ತಾಳ. ದಿನದಾಗ ಆಕಿ ನಗೋದು ಅಷ್ಟೇ ರಿ. ಈಗ 'ನೋಡಿದೇನ ಜನಾ?' ಅಂತಾಳ, ನಾ ನೋಡದೇ ಹೂಂ ಹೂಂ ಅಂತೀನಿ. ನೀವು ಎಲ್ಲಾ ಬರ್ತದ ಅಂದ್ರಿ. ನಿಮ್ಮ ಮಾತು ನಂಬಿ ರವಿವಾರ ಚಿತ್ರ ಬಂದ ಕೂಡ್ಲೇ ಒಂದೊಂದೇ ಚಾನೆಲ್ ಒತ್ತಿ ಹುಡುಕಿದೆ. ಇರಲಿಲ್ಲ. ನಿಮಗ ಮೊದಲೇ ಗೊತ್ತಿತ್ತು, ಖರೆ ಹೇಳ್ರಿ?"

ವೈಜಿನಾಥ ಎದ್ದು ಟಿವಿ ಬಂದ್ ಮಾಡಿದ.

"ಬೇಜಾರಾಗಿ ಕೇಬಲ್ ಹಾಕಿಸ್ತೀರಿ ಅಂತ ಸುಳ್ಳು ಹೇಳಿದೆ. ಗಿಡದ ತನಕ ಹೋಗ್ತೀರಿ ಅಂತ ನನಗೇನು ಗೊತ್ತು?"

ಆಕಿ ಹೇಳಿದ್ದರಾಗ ತಪ್ಪು ಹುಡುಕಾಕ ಅವನಿಗೆ ಆಗಲಿಲ್ಲ. ಆದ್ರೂ ಎದಿಯಾಗ ಕೊಳ್ಳಿ ಇಟ್ಟಂಗ ಆಗಿತ್ತು. ಶಿವರಾಜ ನಕ್ಕಿದ್ದು ಏನೂ ಅಲ್ಲ, ಅಂವ ಹೊರಗಿನಂವ. ಇಡೀ ಊರು ಸುಳ್ಳು ಹೇಳಿದ್ರೂ ಈ ಒಂದು ಬಾಯಿ ಹೇಳಂಗಿಲ್ಲ ಅಂತ ಭರೋಸಾ ಇಟ್ಟು ಸುಡೋ ಬಿಸಿಲಾಗ ನಿಂತಿದ್ದ ಅಂವ.

"ಹಿಂದ ಇಷ್ಟು ವರ್ಷ ಬಂತು ಬಂತು ಅಂದಿದ್ದೆಲ್ಲಾ ಖರೇನೋ ಇಲ್ಲೋ?" ಅಂತ ಕೇಳಿದ.

"ದೇವರಾಣಿ, ಎಲ್ಲಾ ಖರೆ."

ಅದನ್ನ ಹೇಳಿದ್ದೂ ಅದೇ ಬಾಯಿ. ನಂಬೋದು ಹೆಂಗ?

ಮರುದಿನ ವೈಜಿನಾಥ ತಾನೇ ಹೋಗಿ ಶಿವರಾಜನ್ನ ಕರಕೊಂಡು ಬಂದು ಕೇಬಲ್ ಮತ್ತ ಜೋಡಿಸಿಕೊಂಡ. ಅಂವ ನಕ್ಕಿದ್ದನ್ನ ತಲಿ ತಗ್ಗಿಸಿ ಸೈಸಿಕೊಂಡ. ಮಧ್ಯಾನ್ನ ಜನಾಬಾಯಿ ಫೋನಿನ್ಯಾಗ ಅಕ್ಕನ ಜೋಡಿ ನಗೋದು ಕೇಳಿಸ್ತು. ಸಾಯಪ್ಪಗ ಮಾತ್ರ ಏನಂತ ಹೇಳೋದು? ಖರೆ ಹೇಳಿದ್ರ ಹೆಂಡ್ತಿ ಮಾನ ಗಲ್ಲಿಯಾಗ ಹೋಗ್ತದ. ಹೇಳಲಿಲ್ಲ. ಉಗಾದಿ ದಿನ ಉಳಿದ ಟೊಂಗಿಯ ಹೂವು ಇಳಿಸಿಕೊಂಡು ಸಾಯಪ್ಪ ತಾಟು ಹಿಡಕೊಂಡು ಗಲ್ಲಿ ತಿರುಗಿದ. ವೈಜಿನಾಥನ ಬಾಗಿಲ ಮುಂದ ನಿಲ್ಲದೇ ಹೋದ. ಈ ವರ್ಷ ಅವರ ಮನ್ಯಾಗ ಬೇವು ಬಜಾರದಿಂದ ಬಂತು.

ಹಬ್ಬದ ಸಂಜಿ ವೈಜಿನಾಥ ಕನ್ನಡದ ಸಲುವಾಗಿ ಛತ್ರಿಯನ್ನೂ ಸರಿಯಾಗಿ ಬಿಗಿದುಬಿಡಾಕ ಮ್ಯಾಲ ಏರಿದ. ಬಿಗಿಯೋ ಮುಂದ ಒಂದು ಕೂದಲೆಳಿ ಸರಿದ್ರೂ ಚಿತ್ರ ಹೋಗ್ತದ. ಕರೀದೇ ಇದ್ರೂ ಜನಾಬಾಯಿ ಬಂದು ಟಿವಿ ಮುಂದ ನಿಂತ್ಳು. ಅಂವ ಜರಾ ತಿರುವಿದ.

"ಬಂತು ರಿ!" ಕೆಳಗಿಂದ ಅದೇ ಹಳೇ ದನಿ, ನಾಕು ಮನಿ ದಾಟಿ ಕೇಳಸೋಹಂಗ. "ಬಾಳ ಚಂದ ಬಂತು, ಬಿಗೀರಿ!"

ವೈಜಿನಾಥ ಪಾನಾ ಕೆಳಗಿಟ್ಟ. ಹದಿನಾಲ್ಕು ಮೆಟ್ಲು ಇಳದು ಬಂದು, ಬಾಗಿಲದಾಗ ನಿಂತು ಟಿವಿ ನೋಡಿದ. ಖರೇನೇ ಬಂದಿತ್ತು. ಹೆಂಡ್ತಿ ಮಾರಿ ನೋಡದೇ ಮತ್ತ ಮ್ಯಾಲ ಹೋಗಿ ಒಂದು ನಟ್ಟು ಬಿಗಿದ.

"ಅದ ರಿ, ಹೋಗಿಲ್ಲ!" ಅಂದ್ಳು ಜನಾಬಾಯಿ.

ಅಂವ ಮತ್ತ ಇಳದು ಬಂದ. ನಾಕು ನಟ್ಟು ಬಿಗಿಯೋದರಾಗ ಒಂಬತ್ತು ಸಲ ಇಳದು ಬಂದು ನೋಡಿ ಹೋದ. ಕಡೀ ಕಡೀಗೆ ಜನಾಬಾಯಿ ಕೂಗೋದನ್ನೇ ಬಿಟ್ಟು, ಟಿವಿ ಮುಂದಿಂದ ಸರಿದು ನಿಂತ್ಳು.